ಪ್ರತಿಕ್ರಿಯೆ: ಬ್ರಿಟಿಷ್ ಯೂನಿಫಾರ್ಮಲ್ಲಿರೋದು ಐದನೇ ಜಾರ್ಜೋ, ಝಾರ್ ನಿಕೊಲಸ್ಸೋ?

ನೀವು ಕೊಳ್ಳೋಕೆ ನೋಡ್ತಿರೋ ಹಳೇ ಫೋಟೋ ಕಾರ್ಡಿನ ಹಿಂದೆ 'ನಿಕೊಲಸ್' ಅಂತಿದೆ, ಮೈಮೇಲಿರೋದು ಮಾತ್ರ ಬ್ರಿಟಿಷ್ ಯೂನಿಫಾರ್ಮು, ಹಾಗಾದ್ರೆ ಇದು ಬ್ರಿಟನ್ನಿನ ರಾಜ ಐದನೇ ಜಾರ್ಜೋ, ರಷ್ಯಾದ ಚಕ್ರವರ್ತಿ (ಝಾರ್) ಎರಡನೇ ನಿಕೊಲಸ್ಸೋ ಅಂತ ಕೇಳಿದ್ದೀರಿ. ನಿಮ್ಮನ್ನ ದಾರಿ ತಪ್ಪಿಸ್ತಿರೋದು ಆ ಯೂನಿಫಾರ್ಮೇ. ಆಗಿನ ರಾಜರು ಒಬ್ಬರ ದೇಶದ ರೆಜಿಮೆಂಟಿಗೆ (ಸೇನಾ ತುಕಡಿಗೆ) ಇನ್ನೊಬ್ಬರು ಗೌರವ ಕರ್ನಲ್, ಅಂದ್ರೆ ಹೆಸರಿಗಷ್ಟೇ ಮುಖ್ಯಸ್ಥ, ಆಗ್ತಿದ್ರು, ನಿಕೊಲಸ್ 1894ರಿಂದಲೇ ಬ್ರಿಟನ್ನಿನ ಸ್ಕಾಟ್ಸ್ ಗ್ರೇಸ್ ಅನ್ನೋ ಕುದುರೆ ಸವಾರರ ರೆಜಿಮೆಂಟಿಗೆ ಗೌರವ ಕರ್ನಲ್, ಅವರ ಕರಡಿ ತುಪ್ಪಳದ ಎತ್ತರದ ಟೋಪಿಯಲ್ಲಿ ಫೋಟೋನೂ ತೆಗೆಸ್ಕೊಂಡಿದ್ದ. ಹಾಗಾಗಿ ಹಿಂದೆ ಪೆನ್ಸಿಲ್ಲಲ್ಲಿ 'ನಿಕೊಲಸ್' ಅಂತ ಬರೆದಿರೋದನ್ನ ಸುಳ್ಳು ಅಂತ ಈಗಲೇ ತಳ್ಳಿಹಾಕ್ಬೇಡಿ. ಮುಖ ನೋಡಿ ತೀರ್ಮಾನ ಮಾಡೋದಂತೂ ಬೇಡವೇ ಬೇಡ, ಇಬ್ಬರ ತಾಯಂದಿರೂ ಡೆನ್ಮಾರ್ಕಿನ ಅಕ್ಕತಂಗಿಯರು, ಗಡ್ಡದ ಕಟ್ಟೂ ಒಂದೇ, ಸಾಲದ್ದಕ್ಕೆ ಸ್ಟುಡಿಯೋದವ್ರು ನೆಗೆಟಿವ್ ಮೇಲೇ ಪೆನ್ಸಿಲ್ ಆಡಿಸಿ ಸುಕ್ಕೆಲ್ಲ ಅಳಿಸಿಬಿಡ್ತಿದ್ರು.

ಮೊದ್ಲು ಕಾರ್ಡಿನ ಕೆಳ ಅಂಚಲ್ಲಿ ಸ್ಟುಡಿಯೋ ಹೆಸರು ಹುಡುಕಿ. 'ಬುವಾಸೊನಾ–ಎಗ್ಲರ್, ಸೇಂಟ್ ಪೀಟರ್ಸ್‌ಬರ್ಗ್' ಅಂತಿದ್ರೆ ಬಹುತೇಕ ನಿಕೊಲಸ್ಸೇ, ಕಾರ್ಡ್ ಕೂಡ 1914ರಲ್ಲಿ ಊರಿನ ಹೆಸರು ಪೆಟ್ರೊಗ್ರಾಡ್ ಆಗೋದಕ್ಕೆ ಮುಂಚಿನದ್ದು ಇರ್ಬೇಕು. 'ಡೌನಿ, ಲಂಡನ್' ಅಂತಿದ್ರೆ ಜಾರ್ಜ್ ಇರ್ಬಹುದು, ಗ್ಯಾರಂಟಿ ಇಲ್ಲ, ಬೇರೆ ರಾಜಮನೆತನದವ್ರೂ ಅಲ್ಲಿ ಫೋಟೋ ತೆಗೆಸ್ತಿದ್ರು. ಆಮೇಲೆ ಕೆನ್ನೆ ಭಾಗಕ್ಕೆ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿರಿ, ಸಣ್ಣ ಸಣ್ಣ ಚುಕ್ಕಿ ಸಾಲಾಗಿ ಕಂಡ್ರೆ ಅದು ಪ್ರೆಸ್ಸಲ್ಲಿ ಅಚ್ಚಾದ ಕಾರ್ಡು, ಅಸಲಿ ಫೋಟೋ ಅಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ. ಕೊನೆಗೆ ಬ್ರಿಟನ್ನಿನ ರಾಯಲ್ ಕಲೆಕ್ಷನ್ ವೆಬ್‌ಸೈಟಲ್ಲಿ ಇಬ್ಬರ ಹೆಸರೂ ಹಾಕಿ ಹುಡುಕಿ, ಕೈ ಇಟ್ಟಿರೋ ರೀತಿ, ಕೋಟಿನ ಮಡಿಕೆ ಎರಡೂ ಹೊಂದಿದ್ರೆ ಅದೇ ಸಿಟ್ಟಿಂಗಲ್ಲಿ, ಅಂದ್ರೆ ಅದೇ ಸಲ ಕ್ಯಾಮೆರಾ ಮುಂದೆ ಕೂತಾಗ, ತೆಗೆದ ಫೋಟೋ.