ಓದುಗರ ಪ್ರಶ್ನೆ: ಬೂಮ್ ಚಾಚಿದ ಮೇಲೆ ಮೂರು ಟನ್‌ನಲ್ಲಿ ಉಳಿಯುವುದೆಷ್ಟು?

ಪ್ರಶ್ನೆ: ನಮ್ಮಲ್ಲಿಗೆ ಬಾಡಿಗೆಗೆ ಬಂದ ಟೆಲಿಹ್ಯಾಂಡ್ಲರ್‌ನ (ಬೂಮ್ ಎಂಬ ಚಾಚುವ ತೋಳಿನ ತುದಿಯ ಫೋರ್ಕಿನಿಂದ, ಅಂದರೆ ಕವಲಿನಿಂದ, ಹೊರೆ ಎತ್ತುವ ಗಾಡಿ) ಪ್ಲೇಟಿನಲ್ಲಿ 3000 ಕೆ.ಜಿ. ಎಂದಿದೆ. ನೆಲದಿಂದ 6 ಮೀಟರ್ ಮೇಲಿನ ಸ್ಲ್ಯಾಬಿಗೆ 40 ಚೀಲ ಸಿಮೆಂಟ್ ಏರಿಸಬೇಕು. ಕಟ್ಟಡದ ಬದಿಯಲ್ಲೇ ಒಂದು ಮೀಟರ್ ಅಗಲದ ತೋಡು ಇರುವುದರಿಂದ ಗಾಡಿ ಹತ್ತಿರ ಹೋಗುವುದಿಲ್ಲ. ಬರೀ ಎರಡು ಟನ್ ತಾನೇ, ಎತ್ತಬಹುದಾ?
– ಸೈಟ್ ಸೂಪರ್‌ವೈಸರ್, ಮಣಿಪಾಲ

ಉತ್ತರ: ಪ್ಲೇಟಿನ 3000 ಎನ್ನುವುದು ಬೂಮ್ ಒಳಗಿದ್ದು, ಹೊರೆ ಗಾಡಿಗೆ ಒತ್ತಿಕೊಂಡೇ ಇರುವಾಗಿನ ಲೆಕ್ಕ. ಬೂಮ್ ಚಾಚಿದಂತೆ ಅದು ಇಳಿಯುತ್ತಾ ಹೋಗುತ್ತದೆ. ಎಲ್ಲಿ ಎಷ್ಟು ಎಂದು ಹೇಳುವುದು ಕ್ಯಾಬಿನ್ನಿನಲ್ಲಿರುವ ಲೋಡ್ ಚಾರ್ಟ್ ಮಾತ್ರ. ಚಾರ್ಟ್ ಹರಿದುಹೋಗಿದ್ದರೆ ಅಥವಾ ಬೇರೆ ಮಾದರಿಯದ್ದಾಗಿದ್ದರೆ ಬಾಡಿಗೆ ಕೊಟ್ಟವರಿಂದ ಸರಿಯಾದದ್ದನ್ನು ತರಿಸಿಕೊಳ್ಳುವವರೆಗೆ ಕೆಲಸ ಬೇಡ.

ಮೊದಲು ದೂರ ಅಳೆಯಿರಿ. ಹೆಚ್ಚಿನವರು ಚಕ್ರದಿಂದ ಸ್ಲ್ಯಾಬಿನ ಅಂಚಿನವರೆಗೆ ಅಳೆದು ಮುಗಿಸುತ್ತಾರೆ, ಲೆಕ್ಕ ತಪ್ಪುವುದು ಅಲ್ಲೇ. ಚಾರ್ಟಿನ ಅಡ್ಡ ಅಳತೆ ಸಾಮಾನ್ಯವಾಗಿ ಮುಂದಿನ ಟಯರಿನ ಮುಂಭಾಗದಿಂದ ಹೊರೆಯ ಮಧ್ಯಬಿಂದುವಿನವರೆಗೆ. ಚಾರ್ಟಿನಲ್ಲೇ ಇರುವ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. ತೋಡಿನ ಆಳ ಒಂದು ಮೀಟರ್ ಇದ್ದರೆ ಚಕ್ರ ಅದರ ಅಂಚಿನಿಂದ ಕನಿಷ್ಠ ಅಷ್ಟೇ ದೂರದಲ್ಲಿರಬೇಕು. ಮಳೆಗಾಲದ ಕೆಂಪು ಮಣ್ಣಾದರೆ ಇನ್ನೂ ಹಿಂದೆ. ಹಾಗಾಗಿ ಚಕ್ರದಿಂದ ಸ್ಲ್ಯಾಬಿಗೇ 2 ಮೀಟರ್ ಆಯಿತು. ಪ್ಯಾಲೆಟ್ಟನ್ನು (ಚೀಲ ಪೇರಿಸುವ ಮರದ ಅಡಿಹಲಗೆ) ಅಂಚಿನಿಂದ 40 ಸೆಂ.ಮೀ. ಒಳಗಿಟ್ಟರೆ, 1.2 ಮೀಟರ್ ಉದ್ದದ ಪ್ಯಾಲೆಟ್ಟಿನ ಮಧ್ಯಕ್ಕೆ ಇನ್ನೂ 60 ಸೆಂ.ಮೀ. ಒಟ್ಟು 3 ಮೀಟರ್.

ಈಗ ತೂಕ. 40 ಚೀಲಕ್ಕೆ 2000 ಕೆ.ಜಿ., ಪ್ಯಾಲೆಟ್ಟಿಗೆ ಸುಮಾರು 25. ಚಾರ್ಟಿನಲ್ಲಿ ಎತ್ತರ 6, ದೂರ 3 ಕೂಡುವಲ್ಲಿ ಬೆರಳಿಡಿ. ಅಲ್ಲಿ 1500 ಎಂದಿದ್ದರೆ (ಇದು ಲೆಕ್ಕಕ್ಕಾಗಿ ಹಿಡಿದದ್ದು, ನಿಮ್ಮ ಗಾಡಿಯದ್ದು ಬೇರೆ ಇರಬಹುದು) 28 ಚೀಲ ಸಾಕು: ಪ್ಯಾಲೆಟ್ ಸೇರಿ 1425 ಕೆ.ಜಿ. ಎರಡು ಸಲದಲ್ಲಿ ಏರಿಸಿ. ಬೆರಳು ಎರಡು ವಲಯಗಳ ಗೆರೆಯ ಮೇಲೆ ಬಿದ್ದರೆ ಕಡಿಮೆ ಅಂಕಿಯೇ ನಿಮ್ಮದು.

ಚಾರ್ಟಿನ ಮೂಲೆಯಲ್ಲಿ ಹೊರೆಯ ಮಧ್ಯಬಿಂದು 500 ಅಥವಾ 600 ಮಿ.ಮೀ. ಎಂದು ಬರೆದಿರುತ್ತದೆ, ಅಂದರೆ ಫೋರ್ಕಿನ ಬುಡದಿಂದ ಅಷ್ಟು ದೂರ. ಪ್ಯಾಲೆಟ್ ಬುಡಕ್ಕೆ ತಾಗದೆ ಒಂದು ಗೇಣು ಮುಂದೆ ಕೂತರೆ ಈ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಸ್ಟೆಬಿಲೈಸರ್ (ಗಾಡಿ ಅಲುಗದಂತೆ ನೆಲಕ್ಕೆ ಊರುವ ಕಾಲು) ಇಳಿಸಿದಾಗಿನ ಚಾರ್ಟ್ ಬೇರೆ, ಇಳಿಸದಿದ್ದಾಗಿನದ್ದು ಬೇರೆ; ಅದಲುಬದಲಾಗಬಾರದು.

ಇಷ್ಟಾದ ಮೇಲೂ ಖಾಲಿ ಫೋರ್ಕನ್ನು ಒಮ್ಮೆ ಅದೇ ಜಾಗಕ್ಕೆ ತಲುಪಿಸಿ, ಬೂಮಿನ ಕೋನ ತೋರಿಸುವ ಸೂಚಕವನ್ನೂ ಬೂಮಿನ ಬದಿಯಲ್ಲಿ ಹೊರಬರುವ ಅಕ್ಷರ ಅಥವಾ ಅಂಕಿಯನ್ನೂ ಬರೆದುಕೊಳ್ಳಿ. ಹೊರೆ ಎತ್ತಿದಾಗ ಅದನ್ನು ಮೀರಬೇಡಿ.

ಪ್ರಶ್ನೆ: ಜಿಬ್ ಹುಕ್ (ಫೋರ್ಕಿನ ಬದಲು ಬೂಮಿನ ತುದಿಗೆ ಸಿಕ್ಕಿಸುವ ಕೊಕ್ಕೆಯ ತೋಳು) ಹಾಕಿ 16 ಮಿ.ಮೀ. ಸರಳಿನ ಕಟ್ಟು ಎತ್ತುವಾಗ ಗಾಡಿ ಒಂದು ಪಕ್ಕಕ್ಕೆ ವಾಲಿತು. ಲೋಡ್ ಇಂಡಿಕೇಟರ್ ಹಸಿರೇ ಇತ್ತು. ಅದು ಕೆಟ್ಟಿದೆಯೇ?
– ಆಪರೇಟರ್, ಬೈಕಂಪಾಡಿ

ಉತ್ತರ: ಕೆಟ್ಟಿರಲೇಬೇಕೆಂದಿಲ್ಲ. ಆ ದೀಪ ನೋಡುವುದು ಗಾಡಿ ಮುಂದಕ್ಕೆ ಮಗುಚುವ ಅಪಾಯವನ್ನು. ಪಕ್ಕದ ವಾಲಿಕೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಗಾಡಿ ಪಕ್ಕಕ್ಕೆ 3 ಡಿಗ್ರಿ ವಾಲಿ ನಿಂತಿದ್ದರೆ, 7 ಮೀಟರ್ ಎತ್ತರದಲ್ಲಿ ಹೊರೆ ಸುಮಾರು 37 ಸೆಂ.ಮೀ. ಹೊರಕ್ಕೆ ಸರಿದಿರುತ್ತದೆ. ಹುಕ್ಕಿನಲ್ಲಿ ತೂಗಾಡುವ ಹೊರೆ ಅದನ್ನು ಇನ್ನೂ ಎಳೆಯುತ್ತದೆ. ಆದ್ದರಿಂದ ಬೂಮ್ ಕೆಳಗಿರುವಾಗಲೇ ಕ್ಯಾಬಿನ್ನಿನ ಲೆವೆಲ್ ಸೂಚಕ ಸೊನ್ನೆಗೆ ಬರಬೇಕು. ಬೂಮ್ ಮೇಲಿರುವಾಗ ಲೆವೆಲ್ ಸರಿಮಾಡಲು ಹೋಗಬೇಡಿ, ಮಗುಚುವುದು ಆಗಲೇ. ಒಂದೇ ಬದಿಯ ಟಯರಿನಲ್ಲಿ ಗಾಳಿ ಕಡಿಮೆಯಿದ್ದರೂ ಇದೇ ಫಲ. ಬೆಳಗ್ಗೆ ಗೇಜ್ ಇಟ್ಟು ನೋಡಿ.

ಸರಳಿನ ತೂಕಕ್ಕೆ ಸೂತ್ರ ಸುಲಭ: ವ್ಯಾಸವನ್ನು ಮಿ.ಮೀ.ನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. 16ಕ್ಕೆ 1.58. ಅಂಥ 12 ಮೀಟರಿನ 50 ಸರಳು ಎಂದರೆ 948 ಕೆ.ಜಿ. ಜಿಬ್ಬಿಗೆ ಪ್ರತ್ಯೇಕ ಚಾರ್ಟ್ ಇದೆ, ಫೋರ್ಕಿನದ್ದನ್ನು ಬಳಸಬೇಡಿ. ಸ್ಲಿಂಗಿನ (ಹೊರೆಯನ್ನು ಹುಕ್ಕಿಗೆ ಕಟ್ಟುವ ಪಟ್ಟಿ ಅಥವಾ ಸರಪಳಿ) ತೂಕವನ್ನೂ ಕೂಡಿಸಿ. ಕಟ್ಟಿನ ಎರಡೂ ತುದಿಗೆ ಹಗ್ಗ ಕಟ್ಟಿ ಹಿಡಿಯಲಿ. ಹಿಡಿದವರು ಗಾಡಿಯ ಮುಂದಾಗಲಿ ಹೊರೆಯ ಕೆಳಗಾಗಲಿ ನಿಲ್ಲಕೂಡದು.

ಪ್ರಶ್ನೆ: ಕೆಂಪು ದೀಪ ಬಂದು ಅಲಾರಂ ಹೊಡೆದರೆ ಬೂಮ್ ತಕ್ಷಣ ಇಳಿಸಬೇಕಲ್ಲವೇ?
– ಓದುಗರು, ಉಡುಪಿ

ಉತ್ತರ: ಇಳಿಸಬಾರದು. ಮೊದಲು ಒಳಗೆಳೆಯಿರಿ. 8 ಮೀಟರ್ ಚಾಚಿದ ಬೂಮ್ 60 ಡಿಗ್ರಿಯಲ್ಲಿದ್ದಾಗ ಅದರ ಅಡ್ಡ ದೂರ 4 ಮೀಟರ್. ಹಾಗೆಯೇ 30 ಡಿಗ್ರಿಗೆ ಇಳಿಸಿದರೆ ಸುಮಾರು 6.9. ನೀವು ಹೊರೆಯನ್ನು ಹತ್ತಿರ ತಂದಂತಾಗಲಿಲ್ಲ, ದೂರ ತಳ್ಳಿದಂತಾಯಿತು.

ಪ್ರಶ್ನೆ: ಕೆಂಪುಕಲ್ಲಿನ ತೂಕ ಎಷ್ಟೆಂದು ಹಿಡಿಯಬೇಕು?
– ಗುತ್ತಿಗೆದಾರರು, ಸುರತ್ಕಲ್

ಉತ್ತರ: ಪುಸ್ತಕದ ಅಂಕಿ ನಂಬಬೇಡಿ. ಕಲ್ಲುಕೋರೆಯಿಂದ ಕಲ್ಲುಕೋರೆಗೆ ವ್ಯತ್ಯಾಸವಿದೆ, ಮೇಲಾಗಿ ಕಲ್ಲು ನೀರು ಹೀರುತ್ತದೆ. ರಾಶಿಯ ಅಡಿಯಿಂದ, ಚೆನ್ನಾಗಿ ನೆನೆದ ಮೂರ್ನಾಲ್ಕು ಕಲ್ಲು ತೆಗೆದು ತಕ್ಕಡಿಯಲ್ಲಿಟ್ಟು, ಅವುಗಳಲ್ಲಿ ಭಾರದ್ದನ್ನೇ ಹಿಡಿದು ಎಣಿಕೆಯಿಂದ ಗುಣಿಸಿ. ಮರದ ಪ್ಯಾಲೆಟ್ಟೂ ನೆನೆದಿರುತ್ತದೆ, ಅದನ್ನೂ ತೂಗಿ ಸೇರಿಸಿ.