ಪ್ರತಿಕ್ರಿಯೆ: ಕರೆಯೋಲೆ ಪಿಎಸ್‌ಡಿ (ಫೋಟೋಶಾಪ್) ಫೈಲ್ ಚಿತ್ರ ನೋಡೋ ಇರ್ಫಾನ್‌ವ್ಯೂ ಪ್ರೋಗ್ರಾಂನಲ್ಲಿ ಬರೀ ಬಿಳಿ ಕಾಣ್ತಿದೆ, 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಮುಹೂರ್ತದ ಟೈಮ್ ಬದಲಾಯ್ಸೋದು ಹೇಗೆ?
ಫೈಲ್ ಕೆಟ್ಟಿರೋ ಹಾಗಿಲ್ಲ. ಬಹುಶಃ ಫೋಟೋಶಾಪ್‌ನಲ್ಲಿ ಸೇವ್ ಮಾಡೋವಾಗ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಟಿಕ್ ತೆಗ್ದಿದಾರೆ, ಆಗ ಒಳಗೆ ಲೇಯರ್‌ಗಳು (ಒಂದರ ಮೇಲೊಂದು ಇಟ್ಟ ಪದರಗಳು) ಮಾತ್ರ ಇರ್ತವೆ, ಎಲ್ಲ ಸೇರ್ಸಿದ ಪೂರ್ತಿ ಚಿತ್ರ ಇರಲ್ಲ, ಇರ್ಫಾನ್‌ವ್ಯೂ ನೋಡೋದು ಆ ಪೂರ್ತಿ ಚಿತ್ರಾನೇ.

ಮೊದ್ಲು ಒಂದು ಕಾಪಿ ಇಟ್ಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ಬೇರೆ ಟ್ಯಾಬ್ ಎಲ್ಲಾ ಮುಚ್ಚಿ ಫೋಟೋಪಿಯಾ (ಪಿಎಸ್‌ಡಿ ತಿದ್ದೋ ವೆಬ್‌ಸೈಟ್) ತೆಗ್ದು ಫೈಲ್‌ನ ಅದರ ಮೇಲೆ ಎಳೆದು ಬಿಡಿ, ಇನ್‌ಸ್ಟಾಲ್ ಏನೂ ಬೇಡ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗಲ್ಲ. ಚಿತ್ರ ತಿದ್ದೋ ಪ್ರೋಗ್ರಾಂ ಜಿಂಪ್ 2.10 ಕೂಡ ಲೇಯರ್ ತೋರ್ಸತ್ತೆ, ಆದ್ರೆ ಅಕ್ಷರಾನ ಚಿತ್ರ ಮಾಡ್ಬಿಡತ್ತೆ, ನಿಮ್ಗೆ ಬೇಕಿರೋದು ಅಕ್ಷರ ತಿದ್ದೋದು ತಾನೆ, ಹಾಗಾಗಿ ಅದು ಬೇಡ.

ತೆಗೆದಾಗ ಕನ್ನಡದ ಜಾಗದಲ್ಲಿ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ ಗುರುತು ಬಂದ್ರೆ ಗಾಬರಿ ಬೇಡ. ಕರೆಯೋಲೆ ಮಾಡೋರು ಹೆಚ್ಚಾಗಿ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಥರದ ಹಳೇ ಆಸ್ಕಿ ಫಾಂಟ್, ಅಂದ್ರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರ್ಸಿರೋ ಫಾಂಟ್ ಬಳಸ್ತಾರೆ, ಅದು ಇಲ್ದಿದ್ರೆ ಹಾಗೇ ಕಾಣೋದು. ಯಾವ ಫಾಂಟ್ ಅಂತ ಪ್ರೆಸ್‌ನವರನ್ನ ಕೇಳಿ, ಅದರ ಟಿಟಿಎಫ್ ಫೈಲ್‌ನೂ ಫೋಟೋಪಿಯಾ ಮೇಲೆ ಎಳೆದು ಬಿಡಿ, ಕನ್ನಡ ಸರಿಯಾಗಿ ಕೂರತ್ತೆ. ಈಗ 'ಟಿ' ಗುರುತಿರೋ ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ ಟೈಮ್ ತಿದ್ದಿ. ಕನ್ನಡ ಪದ ಸೇರ್ಸೋದಿದ್ರೆ ನುಡಿಯಲ್ಲೇ ಆಸ್ಕಿ ಮೋಡ್‌ನಲ್ಲಿ ಟೈಪ್ ಮಾಡಿ, ಮೊಬೈಲ್‌ನಿಂದ ಯುನಿಕೋಡ್ (ಮೊಬೈಲ್, ವೆಬ್‌ನಲ್ಲಿ ಬಳಸೋ ಕನ್ನಡ) ಪೇಸ್ಟ್ ಮಾಡಿದ್ರೆ ಆ ಫಾಂಟ್‌ಗೆ ಗೊತ್ತಾಗಲ್ಲ.

'ಟಿ' ಗುರುತೇ ಇಲ್ಲ ಅಂದ್ರೆ ಅಕ್ಷರ ಆಗ್ಲೇ ಚಿತ್ರ ಆಗಿದೆ, ಆ ಲೇಯರ್‌ನ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನ ಮರೆಮಾಡಿ ಹೊಸದಾಗಿ ಬರೀಬೇಕು. ಮುಗಿದ್ಮೇಲೆ ಪಿಎಸ್‌ಡಿ ಆಗಿ ಒಂದು ಸೇವ್ ಮಾಡಿ, ವಾಟ್ಸಾಪ್‌ಗೆ ಜೆಪಿಜಿ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ.