ಪ್ರತಿಕ್ರಿಯೆ: ಮಡಿಕೇರಿಯಿಂದ ಬೆಳಗಿನ ನಾಗರಹೊಳೆ ಸಫಾರಿ, ಮ್ಯಾಪ್‌ನಲ್ಲಿ ಅಷ್ಟು ದೂರ ಯಾಕೆ?

ನೀವು ಬಹುಶಃ ದಮ್ಮನಕಟ್ಟೆ ಗೇಟ್ ಆರಿಸಿದ್ದೀರಿ. ಅದು ಕಬಿನಿ ಕಡೆ, ಎಚ್.ಡಿ. ಕೋಟೆ ತಾಲ್ಲೂಕು. ವೀರನಹೊಸಹಳ್ಳಿ ಹುಣಸೂರು ಕಡೆಯದು. ಕೊಡಗಿನಲ್ಲಿರುವವರಿಗೆ ಹತ್ತಿರದ್ದು ಕುಟ್ಟದ ಬಳಿಯ ನಾಣಚ್ಚಿ ಗೇಟ್. ಮೂರೂ ನಾಗರಹೊಳೆಯೇ ಆದ್ದರಿಂದ ತುಂಬಾ ಜನ ಇಲ್ಲೇ ಎಡವುತ್ತಾರೆ.

ಮೊದಲು ಟಿಕೆಟ್‌ನಲ್ಲಿ ಗೇಟ್ ಹೆಸರು ನೋಡಿ, ಬದಲಾಯಿಸಲು ಆಗುತ್ತದಾ ಕೇಳಿ. ಜೊತೆಗೆ ಆ ದಿನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ದಿಢೀರನೆ ನಿಲ್ಲಿಸಿದ್ದರು.

ನಾಣಚ್ಚಿ ಸಿಕ್ಕರೆ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ದಾಟಿ ಕುಟ್ಟ. ತಿರುವಿನ ರಸ್ತೆ, ಎರಡೂವರೆ ಗಂಟೆ ಇಟ್ಟುಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ ಅಂದಿರಿ. ನಸುಕಿನಲ್ಲಿ ಮಂಜಿನೊಳಗೆ ಓಡಿಸುವುದು ಬೇಡ, ಹಿಂದಿನ ರಾತ್ರಿಯೇ ಕುಟ್ಟದ ಹೋಂಸ್ಟೇಗೆ ಹೋಗಿಬಿಡಿ. ಹುಣಸೂರು ಕಡೆಯಿಂದ ಕಾಡೊಳಗಿನ ರಸ್ತೆ ನಂಬಬೇಡಿ, ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಅಸಲಿ ಗುರುತಿನ ಚೀಟಿ, ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕು. ದೊಡ್ಡ ಲೆನ್ಸ್ ಇದ್ದರೆ ಕ್ಯಾಮೆರಾ ಶುಲ್ಕ ಮೊದಲೇ ವಿಚಾರಿಸಿ.

ಹುಲಿ ಕಾಣುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ಚಾಲಕ ಎಂಜಿನ್ ಆಫ್ ಮಾಡಿದಾಗ ದಯವಿಟ್ಟು ಎಲ್ಲರೂ ಸುಮ್ಮನಿರಿ. ಮರದ ಮೇಲಿಂದ ಮುಸುವ ಕೆಮ್ಮಿದಂತೆ ಕೂಗಿ, ಮೇಯುತ್ತಿದ್ದ ಜಿಂಕೆಗಳು ಬಾಲವೆತ್ತಿ ಒಂದೇ ದಿಕ್ಕಿಗೆ ನೋಡುತ್ತಾ ನಿಂತರೆ, ನೀವೂ ಅತ್ತಲೇ ನೋಡಿ.